ಹುಲ್ಲಿನ ಮೇಲೆ ಕಾಲಿಡಬಾರದು

ಯಶವಂತನಗರದ ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಚಾದಂಗಡಿಯಲ್ಲಿ ಆ ಹುಡುಗಿ ತನ್ನ ಕಾಗದದ ಸುರುಳಿ ಬಿಚ್ಚಿದಳು. ಬಿಚ್ಚಿದಷ್ಟೂ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಚಾ ಲೋಟ ಇಟ್ಟೆವು. ಒಗ್ಗರಣೆ ಮೆಣಸಿನಕಾಯಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಎದ್ದು ಬಂದರು. ಅದಿರು ಲಾರಿಯ ಕ್ಲೀನರೊಬ್ಬ ಬಗ್ಗಿ ನೋಡಿ, ‘ಇದ್ಯಾವೂರವ್ವ, ಸಿಂಗಪೂರಾ?’ ಅಂದ.

‘ನಮ್ಮೂರೇ ಅಣ್ಣ’ ಅಂದಳು ಹುಡುಗಿ.

ನಮ್ಮೂರು ಅಂದರೆ ಯಶವಂತನಗರದಲ್ಲಿ ಬಸ್ಸಿಳಿದು ಕಾಲ್ನಡಿಗೆಯಲ್ಲಿ ಹೋಗುವಂಥ ಸಣ್ಣ ಊರು. ಹೆಸರು ಬೇಡ. ಸಂಡೂರು ಸೀಮೆಯಲ್ಲಿ ಇಂಥ ಊರುಗಳಿಗೆಲ್ಲ ಒಂದೇ ಕೆಂಪು ಬಣ್ಣ, ಒಂದೇ ಕಥೆ. ಆ ಹುಡುಗಿ ನಮ್ಮ ಕೇರಿಯವಳೇ. ಒಂದನೇ ಇಯತ್ತೆಯಲ್ಲಿ ಅವಳ ಕೈ ಹಿಡಿದು ‘ಅ’ ತಿದ್ದಿಸಿದವನು ನಾನು. ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟಿಕೊಂಡು ಈಗ ಬೆಂಗಳೂರಿನಲ್ಲಿ ಕಟ್ಟಡ, ಉದ್ಯಾನ ಕಟ್ಟುವ ಓದು ಓದುತ್ತಿದ್ದಾಳೆ. ಕೊನೆಯ ವರ್ಷ. ಕೊನೆಯ ವರ್ಷದವರು ಒಂದು ದೊಡ್ಡ ನಕ್ಷೆ ಮಾಡಿ ಪಂಡಿತರ ಮುಂದೆ ಇಟ್ಟು ಸಮರ್ಥಿಸಿಕೊಳ್ಳಬೇಕಂತೆ. ಬೇರೆಯವರು ವಿಮಾನ ನಿಲ್ದಾಣ, ಮಾಲು ಆರಿಸಿಕೊಂಡರೆ ಇವಳು ನಮ್ಮೂರ ಹಳ್ಳದ ದಂಡೆ ಆರಿಸಿಕೊಂಡಿದ್ದಾಳೆ. ಕೇಳಿದ ಕೂಡಲೇ ನನ್ನ ಎದೆ ಉಬ್ಬಿತು ಅಂತ ಸುಳ್ಳಿಲ್ಲದೆ ಹೇಳುತ್ತೇನೆ.

ನಕ್ಷೆಯಲ್ಲಿ ನಮ್ಮ ಹಳ್ಳದಲ್ಲಿ ನೀರಿತ್ತು. ಅದರ ದಂಡೆಗೆ ಮೆಟ್ಟಿಲು. ಗುಡ್ಡದಿಂದ ಬರುವ ಕೆಂಪು ನೀರು ಮೂರು ಹೊಂಡಗಳಲ್ಲಿ ನಿಂತು, ಕೆಸರು ಇಳಿಸಿ, ತಿಳಿಯಾಗಿ ಕೆಳಗೆ ಬರುತ್ತದೆ. ತಾವರೆ ಎಲೆಯ ಹಾಗೆ ಹರಡಿದ ಸೋಲಾರ್ ತಟ್ಟೆಗಳು; ಅವುಗಳ ಕೆಳಗೆ ನೆರಳು; ನೆರಳಿನಲ್ಲಿ ಕೂತು ಹೆಂಗಸರು ಏನೋ ಹೊಲಿಯುತ್ತಿದ್ದಾರೆ. ಗೋಡೆಗಳ ಮೇಲೆ ಬಳ್ಳಿ. ಮನೆಗಳ ಮಾಳಿಗೆಯ ಮೇಲೆ ಕಾಯಿಪಲ್ಲೆ. ಮೇಲೆ ಒಂದು ಇಂಗ್ಲಿಷು ಹೆಸರು. ಚಾದಂಗಡಿಯವನು ಅಕ್ಷರ ಕೂಡಿಸಿ ಓದಿ, ‘ಸೋಲಾರ್ ಅಂದ್ರ ಗೊತ್ತಾತು. ಪಂಕ್ ಅಂದ್ರೇನು, ಪಂಚರ್ರಾ?’ ಅಂತ ಕೇಳಿದ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು.

ಆಮೇಲೆ ಹೇಳಿದಳು. ಸೋಲಾರ್‌ಪಂಕ್ ಅನ್ನುವ ಮಾತು ಹುಟ್ಟಿದ್ದು 2008ರ ಸುಮಾರಿಗೆ. 2012ರಲ್ಲಿ ಬ್ರೆಜಿಲ್ ದೇಶದಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಇದೇ ಹೆಸರಿನ ಕಥಾಸಂಕಲನ ಬಂತು. ಮುಂದಿನ ಕಾಲದ ಕಥೆ ಅಂದರೆ ಹೊಗೆ, ಯುದ್ಧ, ಕಬ್ಬಿಣದ ಊರು, ನಾಶ ಇಷ್ಟೇ ಅಂತ ಬರೆಯುತ್ತಿದ್ದವರಿಗೆ ಇವರು ಎದುರು ನಿಂತರು. ಕಲ್ಲಿದ್ದಲು ಬಿಟ್ಟು ಬಿಸಿಲಿನಿಂದ ಬದುಕುವ, ಮುರಿದದ್ದನ್ನು ಬಿಸಾಡದೆ ರಿಪೇರಿ ಮಾಡುವ, ಮೇಲೊಬ್ಬ ಧಣಿ ಕೆಳಗೊಬ್ಬ ಆಳು ಅನ್ನುವುದಿಲ್ಲದ ಊರನ್ನು ಕಥೆಯಲ್ಲಿ, ಚಿತ್ರದಲ್ಲಿ, ಉದ್ಯಾನದಲ್ಲಿ ಮೊದಲೇ ಕಟ್ಟಿ ತೋರಿಸಬೇಕು ಅನ್ನುವುದು ಅವರ ವಾದ. ‘ಪಂಕ್ ಅಂದ್ರೆ ಹೇಳಿದ ಮಾತು ಕೇಳದವರು ಸರ್. ನೀವು ನಮ್ಗೆ ಹೇಳ್ತಿದ್ರಲ್ಲ, ಬಂಡಾಯ ಅಂತ. ಅದೇ.’

ಬಿಸಿಲಿನ ಬಂಡಾಯ! ಬಳ್ಳಾರಿ ಜಿಲ್ಲೆಯವರಾದ ನಮಗೆ ಬಿಸಿಲಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಎರಡನೆಯ ಮಾತಿನ ವಿಷಯದಲ್ಲೂ ಅಷ್ಟೇ.

ಗೆಳೆಯರೇ, ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಈಗಲೇ ಮೂಗು ಮುರಿದಿರುತ್ತೀರಿ. ಕೇರಿಗೆ ಕುಡಿಯುವ ನೀರಿಲ್ಲ, ಇವನು ಪಾರ್ಕು ತಂದ, ಅಂತ. ನಾನೂ ಮೊದಲು ಹಾಗೇ ಮೂಗು ಮುರಿಯುವವನೇ. ಆದರೆ ನಲವತ್ತು ವರ್ಷದಿಂದ ನಾವು ಗಾಯ ತೋರಿಸಿದ್ದೇವೆ. ಗಾಯ ಇತ್ತು, ತೋರಿಸಿದೆವು, ತಪ್ಪಲ್ಲ. ನಾಳೆ ನಮ್ಮ ಕೇರಿ ಹೇಗಿರಬೇಕು ಅಂತ ಒಂದು ಚಿತ್ರ ಬರೆದು ಗೋಡೆಗೆ ಅಂಟಿಸಿದ್ದು ಎಷ್ಟು ಸಲ? ಕನಸಿನ ಗುತ್ತಿಗೆಯನ್ನೂ ಉಳ್ಳವರಿಗೇ ಕೊಟ್ಟುಬಿಟ್ಟೆವೇ? ಆ ಹುಡುಗಿಯ ಕಾಗದ ನೋಡುತ್ತ ನನಗೆ ಮೊದಲು ಆದದ್ದು ಸಂತೋಷ. ಇರುಸುಮುರುಸು ಆಮೇಲೆ ಬಂತು. ಅದು ಬಂದದ್ದು ‘ಪಾರ್ಕ್’ ಅನ್ನುವ ಪದದಿಂದ.

ನಾನು ಕಂಡ ಮೊದಲ ಪಾರ್ಕು ಒಂದು ಕಾಲೊನಿಯೊಳಗಿನದು. ಯಾವ ಕಾಲೊನಿ ಅಂತ ಬರೆಯುವುದಿಲ್ಲ. ಸಾಹೇಬರ ಮನೆಗಳು, ಮಧ್ಯೆ ತೋಟ, ತೋಟಕ್ಕೆ ತಂತಿ ಬೇಲಿ. ನಮ್ಮವ್ವ ಅಲ್ಲಿ ದಿನಗೂಲಿ. ಪಾತಿ ಮಾಡುವುದು, ಕಳೆ ಕೀಳುವುದು, ಕೊಡದಲ್ಲಿ ನೀರು ಹೊರುವುದು. ಶಾಲೆ ಇಲ್ಲದ ದಿನ ನಾನು ಬುತ್ತಿ ತಗೊಂಡು ಹೋಗುತ್ತಿದ್ದೆ. ಆ ತೋಟದ ಒಂದೊಂದು ಗಿಡಕ್ಕೂ ಅವ್ವ ತನ್ನದೇ ಹೆಸರು ಇಟ್ಟಿದ್ದಳು. ಕ್ರೋಟನ್ನಿಗೆ ಬಣ್ಣದೆಲೆ. ಕಾಗದದ ಹೂವಿಗೆ ಸುಳ್ಳ ಹೂವು. ಯಾವುದಕ್ಕೆ ಎಷ್ಟು ಕೊಡ ನೀರು, ಯಾವುದು ನೀರು ಹೆಚ್ಚಾದರೆ ಕೊಳೆಯುತ್ತದೆ, ಎಲ್ಲ ಅವಳ ಸೊಂಟಕ್ಕೆ ಗೊತ್ತಿತ್ತು. ಹುಲ್ಲುಹಾಸನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ‘ದನ ತಿನ್ನಂಗಿಲ್ಲ, ಮನಿಷ್ಯಾ ತುಳಿಯಂಗಿಲ್ಲ. ಇದಕ್ಕ ದಿನಾ ಇಪ್ಪತ್ತು ಕೊಡ ನೀರು. ಇದೆಂಥ ಹುಲ್ಲೋ ನನ್ನಪ್ಪ!’ ಆಗ ನಮ್ಮ ಕೇರಿಗೆ ಇದ್ದದ್ದು ಒಂದು ಬಾವಿ. ಅದೂ ಬೇಸಿಗೆಯಲ್ಲಿ ತಳ ಕಾಣುತ್ತಿತ್ತು.

ಒಂದು ದಿನ ಯಾರೂ ಇಲ್ಲದ್ದು ನೋಡಿ ಜೋಕಾಲಿ ಹತ್ತಿ ಕೂತೆ. ಜೀಕಲಿಲ್ಲ, ಬರೀ ಕೂತೆ. ವಾಚ್‌ಮನ್ ಬಂದ. ಹೊಡೆಯಲಿಲ್ಲ, ಬೈಯಲಿಲ್ಲ. ‘ಯಾರ ಹುಡುಗಲೇ?’ ಅಂದ. ನಾನು ಅವ್ವನ ಕಡೆ ಕೈ ತೋರಿಸಿದೆ. ಅವನು ಅವ್ವನ ಕಡೆ ನೋಡಿದ. ಅವ್ವ ನನ್ನ ಕಡೆ ನೋಡಲಿಲ್ಲ. ಗುದ್ದಲಿ ಕೆಳಗಿಟ್ಟು ಬಂದು, ನನ್ನ ರಟ್ಟೆ ಹಿಡಿದು, ನೀರಿನ ಪೈಪು ಇಡುವ ತಗಡಿನ ಶೆಡ್ಡಿನ ಹಿಂದೆ ಕೂರಿಸಿದಳು. ಸಂಜೆವರೆಗೆ ಅಲ್ಲೇ ಕೂತೆ. ಎದುರಿಗೆ ಒಂದು ಬೋರ್ಡು. ಆಗಷ್ಟೇ ಅಕ್ಷರ ಕೂಡಿಸಲು ಕಲಿತಿದ್ದೆ. ‘ಹುಲ್ಲಿನ ಮೇಲೆ ಕಾಲಿಡಬಾರದು.’ ಶಾಲೆಯ ಪುಸ್ತಕದ ಹೊರಗೆ, ಯಾರ ಸಹಾಯವೂ ಇಲ್ಲದೆ, ನಾನು ಓದಿದ ಮೊದಲ ವಾಕ್ಯ ಅದು. ಅಷ್ಟು ಉದ್ದದ ವಾಕ್ಯ ಓದಿದೆ ಅಂತ ಕುಣಿದುಕೊಂಡು ಅವ್ವನಿಗೆ ಹೇಳಿದೆ. ಅವಳು ಕೊಡ ಇಳಿಸಲೂ ಇಲ್ಲ.

ಈ ದೇಶದಲ್ಲಿ ‘ಸಾರ್ವಜನಿಕ’ ಅನ್ನುವ ಪದಕ್ಕೆ ಅರ್ಥ ಹುಡುಕಿಕೊಟ್ಟವರು ತೋಟಗಾರಿಕೆಯವರಲ್ಲ. 1923ರಲ್ಲಿ ಮುಂಬೈ ಶಾಸನಸಭೆ ಬೋಲೆಯವರ ಠರಾವು ಒಪ್ಪಿತು: ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು. ಮಹಾಡದ ಮುನಿಸಿಪಾಲಿಟಿಯೂ ತನ್ನ ಚೌದಾರ್ ಕೆರೆ ತೆರೆದಿದೆ ಅಂತ ಕಾಗದದಲ್ಲಿ ಬರೆಯಿತು. ಕಾಗದ ತೆರೆಯಿತು, ಕೆರೆ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿದ ಮೇಲೆ ಏನಾಯಿತು ಗೊತ್ತಲ್ಲ? ಜನರ ತಲೆ ಒಡೆದರು, ಆಮೇಲೆ ಕೆರೆಯನ್ನು ‘ಶುದ್ಧಿ’ ಮಾಡಿದರು. ನಮ್ಮ ಸಂಡೂರು ಸಂಸ್ಥಾನದಲ್ಲೂ 1932ರಲ್ಲೇ ದೇವಸ್ಥಾನಗಳನ್ನು ಹರಿಜನರಿಗೆ ತೆರೆದರು ಅಂತ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ. ಅದಾಗಿ ಎಷ್ಟೋ ವರ್ಷದ ಮೇಲೆ ನಾನು ಶೆಡ್ಡಿನ ಹಿಂದೆ ಕೂತಿದ್ದೆ. ಬಾಗಿಲು ತೆರೆಯುವುದು ಬೇರೆ, ಜೋಕಾಲಿ ಮೇಲೆ ಕೂರುವುದು ಬೇರೆ.

ಉದ್ಯಾನಗಳ ಚರಿತ್ರೆ ನೋಡಿದರೆ ಹೆಚ್ಚಿನವು ದೊರೆಗಳ ಶೋಕಿ. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿಸಿದ. 1870ರಲ್ಲಿ ಬ್ರಿಟಿಷರು ಕಬ್ಬನ್ ಪಾರ್ಕು ಮಾಡಿದರು. ಇವತ್ತು ಅಲ್ಲಿ ಬಡವನೂ ಅಡ್ಡಾಗುತ್ತಾನೆ, ಅಷ್ಟರ ಮಟ್ಟಿಗೆ ಸಂತೋಷ. ಆದರೆ ಬೆಂಗಳೂರಿನ ಬಡಾವಣೆಗಳ ಸಣ್ಣ ಪಾರ್ಕುಗಳನ್ನು ನೋಡಿದ್ದೀರಾ? ಬಹುಕಾಲ ಬೆಳಿಗ್ಗೆ ತೆರೆದು, ಹತ್ತಕ್ಕೋ ಹನ್ನೊಂದಕ್ಕೋ ಬೀಗ ಹಾಕಿ, ಮತ್ತೆ ಸಂಜೆ ತೆರೆಯುತ್ತಿದ್ದರು. ಹೊಟ್ಟೆ ಕರಗಿಸಲು ನಡೆಯುವವರಿಗೆ ಬೆಳಿಗ್ಗೆ ಸಂಜೆ ಸಾಕು. ಹೊಟ್ಟೆಗಾಗಿ ನಡೆಯುವವರಿಗೆ, ಅಂದರೆ ಕಸ ಗುಡಿಸಿ ಬಂದ ಹೆಂಗಸಿಗೆ, ರಸ್ತೆ ಅಗೆದ ಯಾದಗಿರಿಯ ಕೂಲಿಗೆ, ನೆರಳು ಬೇಕಾದದ್ದು ನಡುಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ ಸರಿಯಾಗಿ ನೆರಳಿಗೆ ಬೀಗ! ಈಚೆಗೆ ಇಡೀ ದಿನ ತೆರೆದಿಡಬೇಕು ಅನ್ನುವ ತೀರ್ಮಾನ ಬಂತು, ಒಳ್ಳೆಯದಾಯಿತು. ಅದೇ ಬೆಂಗಳೂರಿನಲ್ಲಿ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಈಗ ಧಿಕ್ಕಾರ ಕೂಗುವವರು ಅಲ್ಲಿಗೇ ಹೋಗಿ ಕೂಗಬೇಕು ಅಂತ ಕಾನೂನು. ಜೈಲೊಳಗೆ ಹೋಗಿ ಸ್ವಾತಂತ್ರ್ಯ ಕೇಳುವ ಭಾಗ್ಯ ಇನ್ಯಾರಿಗಿದೆ?

ಶಾಲೆಯ ಮಕ್ಕಳನ್ನು ನಾನು ಹೊಸಪೇಟೆಗೆ ಟ್ರಿಪ್ಪು ಕರೆದುಕೊಂಡು ಹೋಗುತ್ತೇನೆ. ಟಿ.ಬಿ. ಡ್ಯಾಮಿನ ಕೆಳಗಿನ ತೋಟ, ಬಣ್ಣದ ಕಾರಂಜಿ ನೋಡಿ ಮಕ್ಕಳು ಹುಚ್ಚಾಗುತ್ತಾರೆ. ಆ ನೀರಿನ ಅಡಿಯಲ್ಲಿ 90ರಷ್ಟು ಹಳ್ಳಿ ಇವೆ ಅಂತ ಹೇಳಿದರೆ, ‘ಅವು ಈಗ್ಲೂ ಅದಾವೇನ್ರಿ ಸರ್?’ ಅಂತ ಒಬ್ಬ ಕೇಳಿದ್ದ.

ಇನ್ನು ಗಣಿಯ ಮಾತು. ನಮ್ಮ ಸೀಮೆಯ ನಿಜವಾದ ಉದ್ಯಾನಶಿಲ್ಪಿ ಅಂದರೆ ಗಣಿಯೇ. ಗುಡ್ಡದ ಆಕಾರವನ್ನು ಅದರಷ್ಟು ಬದಲಾಯಿಸಿದವರು ಇಲ್ಲ. ತೋಟದ ಕೂಲಿ ಬಿಟ್ಟ ಮೇಲೆ ಅವ್ವ ಅದಿರು ಒಡೆಯಲು ಹೋದಳು. ಸುತ್ತಿಗೆಯಿಂದ ಕಲ್ಲು ಒಡೆದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ, ಬುಟ್ಟಿ ತುಂಬುವುದು. 2003ರ ಆಚೆ ಚೀನಾದಿಂದ ಬೇಡಿಕೆ ಏರಿದಾಗ ಹೊಲಗಳಲ್ಲೂ ಅದಿರು ಬಗೆದರು. ಲಾರಿಗಳಿಗೆ ಹಗಲು ರಾತ್ರಿ ಇರಲಿಲ್ಲ. ಕೇರಿಯ ಬಾಯಲ್ಲಿದ್ದ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಬುಡದಲ್ಲಿದ್ದ ಮಾರೆಮ್ಮನ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. ಅಮ್ಮನಿಗೆ ಇವತ್ತಿಗೂ ನೆರಳಿಲ್ಲ. ಜೋಳದ ಎಲೆ ಕೆಂಪು, ರೊಟ್ಟಿ ಕೆಂಪು, ಉಗುಳಿದರೆ ಕೆಂಪು.

2011ರ ಜುಲೈ 29ರಂದು ಸುಪ್ರೀಂಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಧೂಳು ನಿಂತಿತು. ಕೂಲಿಯೂ ನಿಂತಿತು. ಎರಡನ್ನೂ ಒಟ್ಟಿಗೇ ಹೇಳಬೇಕು, ಒಂದನ್ನೇ ಹೇಳುವವರು ನಮ್ಮವರಲ್ಲ. ಪರಿಸರದವರು ಸಿಹಿ ಹಂಚಿದ ದಿನ ನಮ್ಮ ಕೇರಿಯಲ್ಲಿ ಒಲೆಗಳು ಯೋಚನೆ ಮಾಡುತ್ತಿದ್ದವು. ಅದೇ ತಾರೀಖಿಗೆ, ಅದೇ 2011ರ ಜುಲೈ 29ಕ್ಕೆ, ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಬುಲ್ಡೋಜರ್ ಓಡಿತು. ಕಲ್ಲು ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡು ಬದುಕಿದ್ದ ನೂರಾರು ಮಂದಿ ಬೀದಿಗೆ ಬಂದರು. ಸ್ಮಾರಕ ಉಳಿಯಬೇಕು, ಸರಿ. ಆದರೆ ಬಜಾರು ಅಂದರೇನೇ ಜನ. ಜನ ತೆಗೆದ ಬಜಾರು ಯಾರ ಸ್ಮಾರಕ? ಹಂಪಿಯ ಕಮಲ ಮಹಲಿನ ಸುತ್ತ ಹೋಗಿ ನೋಡಿ. ಎಷ್ಟು ಚೆಂದ ಹುಲ್ಲು ಬೆಳೆಸಿದ್ದಾರೆ! ಅವ್ವನ ಹುಲ್ಲು. ದನ ತಿನ್ನಂಗಿಲ್ಲ.

2013ರ ಏಪ್ರಿಲ್‌ನಲ್ಲಿ ಕೋರ್ಟು ತೀರ್ಪು ಕೊಟ್ಟು, ತೀರಾ ಕೆಟ್ಟ ‘ಸಿ’ ವರ್ಗದ ಗಣಿಗಳ ಗುತ್ತಿಗೆ ರದ್ದು ಮಾಡಿತು. ಉಳಿದವರು ಗುಡ್ಡವನ್ನು ಸರಿಪಡಿಸುವ ಯೋಜನೆ ಒಪ್ಪಿಕೊಂಡ ಮೇಲೆಯೇ ಕೆಲಸ ಮಾಡಬೇಕು ಅಂತ ಕಟ್ಟು ಹಾಕಿತು. ಈ ‘ಸರಿಪಡಿಸುವುದು’ ಏನು ಅಂತ ನಾನು ಪುಸ್ತಕದಲ್ಲಿ ಓದಲಿಲ್ಲ, ಅವ್ವನ ಬಾಯಲ್ಲಿ ಕೇಳಿದೆ. ಗಣಿಯ ಹೊಲಸು ಮಣ್ಣು ಸುರಿದ ಡಂಪು ಮಳೆಗೆ ಜಾರದ ಹಾಗೆ ಬುಡಕ್ಕೆ ಕಲ್ಲಿನ ಗೋಡೆ. ಹರಿಯುವ ನೀರು ಹಿಡಿಯಲು ಸುತ್ತ ಕಾಲುವೆ, ಹಳ್ಳಕ್ಕೆ ಅಡ್ಡ ಚೆಕ್‌ಡ್ಯಾಮು. ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಗೂಟ ಹೊಡೆದು, ನಡುನಡುವೆ ಸಸಿ. ಅರವತ್ತು ದಾಟಿದ್ದ ಅವ್ವ ಆ ಚಾಪೆ ಹೊತ್ತು ಡಂಪು ಹತ್ತುತ್ತಿದ್ದಳು. ಕಾಲ ಕೆಳಗೆ ಮಣ್ಣು ಸರಿಯುತ್ತದೆ. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರು. ಸಂಜೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಅಂದಳು: ‘ಗುಡ್ಡದ ಸೀರಿ ಬಿಚ್ಚಾಕೂ ನಾವ ಬೇಕಾಗಿತ್ತು. ಈಗ ಹಸರ ಸೀರಿ ಉಡಸಾಕೂ ನಾವ ಬೇಕು.’ ಅವಳು ನೆಟ್ಟ ಸಸಿಗಳಲ್ಲಿ ಕೆಲವು ಈಗ ಮರವಾಗಿವೆ. ಬಸ್ಸಿನಿಂದ ಕಾಣುತ್ತವೆ. ಯಾವ ನಕ್ಷೆಯಲ್ಲೂ ಅವಳ ಹೆಸರಿಲ್ಲ, ಇರುವುದೂ ಇಲ್ಲ. ಗುಡ್ಡ ಹಸಿರು ಮಾಡುವ ವಿದ್ಯೆ ಯಾರ ಕೈಯಲ್ಲಿದೆ ಅಂತ ಕೇಳಿದರೆ ಎಲ್ಲರೂ ಇಂಜಿನಿಯರ ಕಡೆ ನೋಡುತ್ತಾರೆ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ ಅವಳೇ ಪಾವಗಡದ ಮಾತು ತೆಗೆದಳು. ಅವಳ ಕ್ಲಾಸಿನವರನ್ನು ಅಲ್ಲಿಗೆ ಕರೆದೊಯ್ದಿದ್ದರಂತೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ ಸೋಲಾರ್ ತಟ್ಟೆಗಳು. 2018ರಲ್ಲಿ ಉದ್ಘಾಟನೆ. 2,000 ಮೆಗಾವ್ಯಾಟ್ ಶಕ್ತಿ. ಅದರ ಹೆಸರೂ ಪಾರ್ಕೇ, ಸೋಲಾರ್ ಪಾರ್ಕು! ಭೂಮಿ ಕಸಿಯಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ಹೆಚ್ಚಿಸುವ ಗುತ್ತಿಗೆ. ಬರದಿಂದ ಬೆಂದ ರೈತನಿಗೆ ಅದು ನಿಜವಾಗಿ ಒಳ್ಳೆಯ ದುಡ್ಡು, ಅಲ್ಲಗಳೆಯುವುದಿಲ್ಲ. ಆದರೆ ಗುತ್ತಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಶೇಂಗಾ ಕಿತ್ತು ಬದುಕಿದ್ದವರ ಹೆಸರು ಯಾವ ಪಹಣಿಯಲ್ಲಿತ್ತು? ಕುರಿ ಮೇಯಿಸುತ್ತಿದ್ದವನಿಗೆ ಎಕರೆಗೆ ಎಷ್ಟು? ಅಲ್ಲಿ ಬಿಸಿಲು ಕೂಡ ನೆಲ ಇದ್ದವನ ಮನೆ ಕಡೆಗೇ ವಾಲಿಕೊಂಡಿತು. ‘ನಮ್ಮ ಮೇಡಮ್ಮು ಬಹಳ ಚೆಂದ ಐತಿ ಅಂದ್ರು ಸರ್, ಮೇಲಿಂದ ಫೋಟೋ ತಗದ್ರು’ ಅಂದಳು. ಮೇಲಿನಿಂದ ನೋಡಿದರೆ ಚೆಂದವೇ.

ಸಿಂಗಪೂರಿನಲ್ಲಿ 2012ರಲ್ಲಿ ಕಾಂಕ್ರೀಟಿನ ದೈತ್ಯ ಮರಗಳನ್ನು ನಿಲ್ಲಿಸಿ, ಅವುಗಳ ಮೇಲೆ ಬಳ್ಳಿ ಬಿಟ್ಟು, ಕೆಲವಕ್ಕೆ ಸೋಲಾರ್ ಕೂರಿಸಿದ್ದಾರೆ. ಸೋಲಾರ್‌ಪಂಕ್ ಅಂದ ಕೂಡಲೇ ಜನ ಆ ಚಿತ್ರ ತೋರಿಸುತ್ತಾರಂತೆ. ಕ್ಲೀನರ್ ಹುಡುಗ ಸಿಂಗಪೂರು ಅಂದದ್ದು ಸುಮ್ಮನೆ ಅಲ್ಲ. ನನಗೆ ಅದು ಧಣಿಯ ಮನೆಯ ಮದುವೆ ಚಪ್ಪರದ ಹಾಗೆ ಕಂಡಿತು. ಅವಳು ತೋರಿಸಿದ ಇನ್ನೊಂದು ಚಿತ್ರ ಮನಸ್ಸಿಗೆ ಹತ್ತಿತು. ಜರ್ಮನಿಯ ಡ್ಯೂಸ್‌ಬರ್ಗ್ ಊರಲ್ಲಿ ಕಬ್ಬಿಣ ಕರಗಿಸುವ ಕಾರ್ಖಾನೆಯೊಂದು 1985ರಲ್ಲಿ ಮುಚ್ಚಿತು. ಪೀಟರ್ ಲಾಟ್ಜ್ ಅನ್ನುವ ಉದ್ಯಾನಶಿಲ್ಪಿ ಅದನ್ನು ಕೆಡವಲಿಲ್ಲ. ಕುಲುಮೆ ಹಾಗೇ ನಿಂತಿದೆ, ಜನ ಮೇಲೆ ಹತ್ತಿ ಊರು ನೋಡುತ್ತಾರೆ. ಅದಿರು ತುಂಬುತ್ತಿದ್ದ ಗೋಡೆಗಳ ನಡುವೆ ತೋಟ. 1994ರಿಂದ ಜನರಿಗೆ ತೆರೆದಿದೆ. ಹಗಲು ರಾತ್ರಿ ಬಾಗಿಲಿಲ್ಲ, ಟಿಕೆಟ್ಟಿಲ್ಲ. ಯಾರ ಬೆವರು ಎಲ್ಲಿ ಬಿತ್ತು ಅನ್ನುವುದು ಮುಚ್ಚಿಹೋಗದ ಹಾಗೆ ತೋಟ ಮಾಡಬಹುದು ಅಂತ ಆಯಿತಲ್ಲ. ನಮ್ಮ ಕಡೆ ಕೆಲಸ ನಿಂತ ಗಣಿಯ ಗುಂಡಿಗಳಿವೆ, ಅದಿರಿಗಾಗಿಯೇ ಹಾಕಿದ ಸ್ವಾಮಿಹಳ್ಳಿ ರೈಲು ಲೈನಿದೆ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ರೂಪಾಯಿ ಕೂಡಿಟ್ಟು, 2014ರಲ್ಲಿ ಅದಕ್ಕೊಂದು ನಿಗಮ ಮಾಡಿದ್ದಾರೆ. ದುಡ್ಡಿಲ್ಲ ಅನ್ನುವ ಹಾಗಿಲ್ಲ. ಕೇಳಬೇಕಾದ್ದು, ನಕ್ಷೆ ಬರೆಯುವಾಗ ಮೇಜಿನ ಸುತ್ತ ಯಾರು ಕೂತಿರುತ್ತಾರೆ ಅನ್ನುವುದು.

ಸೋಲಾರ್‌ಪಂಕಿನವರಿಗೆ ಹಳ್ಳಿ ಅಂದರೆ ಪ್ರಾಣ. ಸಣ್ಣ ಊರು, ತಮ್ಮ ಊಟ ತಾವೇ ಬೆಳೆಯುವ, ತಮ್ಮ ಕರೆಂಟು ತಾವೇ ಮಾಡುವ, ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರು. ಇಲ್ಲಿ ನನಗೆ ಮೈ ಜುಂ ಅನ್ನುತ್ತದೆ. ಎಲ್ಲರೂ ಎಲ್ಲರಿಗೂ ಗೊತ್ತಿರುವುದೇ ನಮ್ಮ ಕಷ್ಟ ಅಲ್ಲವೇನ್ರಿ? 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಹೊಗಳುಭಟರನ್ನು ಝಾಡಿಸಿದ್ದು ಇದಕ್ಕೇ. ಹಳ್ಳಿ ಅಂದರೆ ಸಂಕುಚಿತತನದ, ಜಾತಿಯ ಗುಂಡಿ ಅಂತ ಅವರು ಕಂಡದ್ದು ಓದಿ ಅಲ್ಲ, ಅನುಭವಿಸಿ. ನಮ್ಮ ಹಳೇ ಹಳ್ಳಿಯಲ್ಲೂ ಪ್ಲಾಸ್ಟಿಕ್ ಇರಲಿಲ್ಲ, ಕಲ್ಲಿದ್ದಲು ಇರಲಿಲ್ಲ, ಏನೂ ಬಿಸಾಡುತ್ತಿರಲಿಲ್ಲ. ಸತ್ತ ದನವನ್ನೂ ಬಿಸಾಡುತ್ತಿರಲಿಲ್ಲ, ನಮ್ಮನ್ನು ಕರೆಯುತ್ತಿದ್ದರು. ಕೇರಿ ಯಾವಾಗಲೂ ಊರಿನ ನೀರು ಹರಿದು ಹೋಗುವ ಕೆಳಗಿನ ದಿಕ್ಕಿಗೆ. ಅದೂ ಒಂದು ನಕ್ಷೆ. ಕಾಗದವಿಲ್ಲದೆ ಬರೆದದ್ದು, ಅಳಿಸಲು ಇನ್ನೂ ಆಗಿಲ್ಲ. ಆ ನಕ್ಷೆ ಹಾಗೇ ಇಟ್ಟುಕೊಂಡು ಮೇಲೆ ಸೋಲಾರ್ ಹಾಕಿದರೆ ಬರುವುದು ಹಗಲಿನಲ್ಲಿ ಚಾರ್ಜಾಗಿ ರಾತ್ರಿ ಉರಿಯುವ ಅದೇ ಊರು.

ಇಷ್ಟು ಹೇಳುವಾಗ ನನ್ನ ಕಣ್ಣು ಕಾಗದದ ಕೆಳಗಿನ ಮೂಲೆಗೆ ಬಿತ್ತು. ಹಳ್ಳದ ಆಚೆ ದಂಡೆಯಲ್ಲಿ ಜಾಲಿಯ ಪೊದೆ ಇರುವ ಜಾಗ. ಅಲ್ಲಿ ಅವಳು ಅಂಕುಡೊಂಕಾದ ಕಾಲುದಾರಿ ಬರೆದಿದ್ದಳು, ಎರಡು ಬೆಂಚು, ದೀಪದ ಕಂಬ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ‘ಖಾಲಿ ಜಾಗ, ಜಾಲಿ ತೆಗೆಯುವುದು’ ಅಂತ.

ಜಾಲಿಯ ವಿಷಯ ಮೊದಲು ಕೇಳಿದೆ. ಬಳ್ಳಾರಿ ಜಾಲಿ! ಹೆಸರು ನಮ್ಮ ಜಿಲ್ಲೆಯದು, ಹುಟ್ಟೂರು ಮೆಕ್ಸಿಕೋದ ಕಡೆ. ಅದು ಪರದೇಶದ ಕಳೆ, ನೀರು ಹೀರುತ್ತದೆ, ದೇಸಿ ಗಿಡಗಳನ್ನು ಬೆಳೆಯಗೊಡುವುದಿಲ್ಲ, ಅದಕ್ಕೆ ತೆಗೆಯಬೇಕು ಅಂದಳು. ಎಲ್ಲ ಸರಿ. ಮುಳ್ಳು ನೆಟ್ಟರೆ ಕೀವಾಗುವುದು ನನಗೂ ಗೊತ್ತು. ಆದರೆ ಕೇರಿಯ ಒಲೆ ಉರಿಯುವುದು ಅದರಿಂದ. ಮೇಕೆ ಕಾಯಿ ತಿನ್ನುವುದು ಅದರದ್ದು. ಯಾರೂ ನೆಡದೆ, ಯಾರೂ ನೀರು ಹಾಕದೆ, ಎಷ್ಟು ಕಡಿದರೂ ಚಿಗುರುವ ಗಿಡವನ್ನು ಕಂಡರೆ ನನಗೆ ಯಾಕೋ ಸಿಟ್ಟು ಬರುವುದಿಲ್ಲ.

‘ಅದಿರಲಿ. ಖಾಲಿ ಜಾಗ ಅಂತ ಬರೆದೀಯಲ್ಲವ್ವ, ಅಲ್ಲಿ ಏನೈತಿ ಗೊತ್ತಿಲ್ಲೇನು ನಿನಗ?’

ಅವಳು ಮಾತಾಡಲಿಲ್ಲ. ಚಾದಂಗಡಿಯಲ್ಲಿ ನಿಂತವರು ಒಬ್ಬೊಬ್ಬರೇ ಸರಿದು ತಮ್ಮ ತಮ್ಮ ಜಾಗಕ್ಕೆ ಹೋದರು. ಅವರಿಗೆ ಗೊತ್ತಿತ್ತು.

ಅಲ್ಲಿ ನಮ್ಮ ಅವ್ವ ಇದ್ದಾಳೆ. 2016ರಲ್ಲಿ ಹುಗಿದೆವು. ಅವಳ ಅಜ್ಜಿ ಇದ್ದಾಳೆ, ಅವಳ ಚಿಕ್ಕಪ್ಪ ಇದ್ದಾನೆ. ಕೇರಿಯ ಸುಡುಗಾಡು ಅದು. ದಾಖಲೆಯಲ್ಲಿ ಇಲ್ಲ. ಊರಿನವರ ಸುಡುಗಾಡು ಬೇರೆ ಕಡೆ ಇದೆ, ಅದಕ್ಕೆ ಗೇಟಿದೆ. ಸ್ಮಶಾನವಿಲ್ಲದ ಹಳ್ಳಿಗಳಿಗೆಲ್ಲ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟು ಸರ್ಕಾರಕ್ಕೆ ಹೇಳಿತು. ಆರು ವಾರದ ಗಡುವು ಇತ್ತು. ನಮ್ಮವರು ಅರ್ಜಿ ಕೊಟ್ಟರು. ಅರ್ಜಿಗೆ ಒಂದು ನಂಬರು ಬಂತು, ನಂಬರು ನಮ್ಮ ಹತ್ತಿರ ಭದ್ರವಾಗಿದೆ.

ಅವಳು ತಲೆ ಎತ್ತದೆ ಅಂದಳು: ‘ಗೊತ್ತಿತ್ತು ಸರ್. ಮೊದಲು ಬರೆದಿದ್ದೆ. ನಮ್ಮ ಗೈಡ್ ಕೇಳಿದ್ರು, ಊರಿಗೊಂದು ಸ್ಮಶಾನ ಇದ್ದೇ ಇದೆಯಲ್ಲ, ಇದ್ಯಾರದು ಅಂತ. ಕ್ಲಾಸಿನಾಗ ಎಲ್ಲರೂ ಇದ್ರು. ನಾಲ್ಕು ವರ್ಷ ನಾನು ಯಾರು ಅಂತ ಅವರಿಗೆ ಹೇಳಿಲ್ಲ ಸರ್. ಮರುದಿನ ಅಳಿಸಿಬಿಟ್ಟೆ.’

ನನಗೆ ತಗಡಿನ ಶೆಡ್ಡು ನೆನಪಾಯಿತು. ಐವತ್ತು ವರ್ಷವಾಗಿದೆ. ನನ್ನ ರಟ್ಟೆ ಹಿಡಿದು ಮರೆಗೆ ಕೂರಿಸಿದವಳು ಅವ್ವ. ಈಗ ಅವ್ವನನ್ನು ಮರೆಗೆ ಕೂರಿಸಿದವಳು ನಮ್ಮದೇ ಕೂಸು. ಬೈಯಲು ಬಾಯಿ ಬರಲಿಲ್ಲ. ನಾನೇನು ಕಡಿಮೆ? ಮೇಷ್ಟ್ರಾಗಿ ಬೇರೆ ಊರಿಗೆ ಹೋದ ಮೊದಲ ವರ್ಷ ಬಾಡಿಗೆ ಮನೆಗಾಗಿ ಯಾವ ಜಾತಿ ಹೇಳಿದೆ ಅನ್ನುವುದನ್ನು ಈ ಪತ್ರಿಕೆಯಲ್ಲೂ ಬರೆಯುವ ಧೈರ್ಯ ನನಗಿನ್ನೂ ಬಂದಿಲ್ಲ.

‘ಏಳು, ಹೋಗಿ ನೋಡೋಣ’ ಅಂದೆ. ಲೋಟ ತೆಗೆದ ಕೂಡಲೇ ಕಾಗದ ಸುರ್ರನೆ ಸುತ್ತಿಕೊಂಡಿತು.

ಹಳ್ಳ ದಾಟುವಾಗ ಸೂರ್ಯ ಗುಡ್ಡದ ಅಂಚಿಗೆ ಬಂದಿದ್ದ. ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋದೆವು. ಕೇರಿಯಲ್ಲಿ ಯಾರು ಸತ್ತರೂ ಕುಣಿ ತೋಡುವವನು ಅವನೇ. ಈಗ ಕಣ್ಣು ಮಂಜು. ಅಲ್ಲಿ ಗೋರಿಯಿಲ್ಲ, ಹೆಸರಿಲ್ಲ. ತಲೆಯ ಕಡೆ ಒಂದೊಂದು ಕಲ್ಲು, ಅಷ್ಟೇ. ಕೆಲವು ಅದಿರುಗಲ್ಲು, ಮಳೆಯಲ್ಲಿ ತೊಳೆದು ಕಪ್ಪಗೆ ಮಿಂಚುತ್ತವೆ. ಅವನು ಕೋಲಿನಿಂದ ಮುಟ್ಟಿ ಮುಟ್ಟಿ ಹೇಳುತ್ತ ಹೋದ. ಇದು ನಿಮ್ಮ ಮುತ್ತಜ್ಜಿ. ಇದು ಲಾರಿಗೆ ಸಿಕ್ಕ ಹುಡುಗ. ಇವೆರಡು ಕೂಸುಗಳು, ಹೆಸರಿಟ್ಟಿದ್ದಿಲ್ಲ. ಇದು ನಿಮ್ಮ ಮೇಷ್ಟ್ರ ಅವ್ವ. ಹುಡುಗಿ ಹೆಜ್ಜೆಯಲ್ಲಿ ಅಳೆದು ಅಳೆದು ಕಾಗದದ ಹಿಂಭಾಗಕ್ಕೆ ಗುರುತು ಹಾಕುತ್ತಿದ್ದಳು. ನಲವತ್ತರವರೆಗೆ ಎಣಿಸಿದಳು. ಜಾಲಿಯ ಒಳಗೆ ಇನ್ನೂ ಇದ್ದವು, ಕೈ ಹಾಕಲು ಮುಳ್ಳು.

ದೊಡ್ಡಪ್ಪ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ‘ಏನವ್ವ ಇದು, ಸರ್ಕಾರದೋರು ಏನಾರ ಮಾಡ್ತಾರೇನು ಇಲ್ಲಿ?’

‘ಇಲ್ಲ ತಾತ. ಇದು ಬರೀ ಪರೀಕ್ಷೆಗೆ. ನಾನೇ ಬರ್ದಿದ್ದು. ಇಲ್ಲೊಂದು ದಾರಿ ಅಂತ, ಇಲ್ಲಿ ದೀಪದ ಕಂಬ ಅಂತ.’

‘ದೀಪಾನ?’

‘ಹೂಂ. ಬಿಸಿಲಿಂದ ಉರಿಯೋದು. ಕರೆಂಟು ಬೇಕಾಗಿಲ್ಲ. ಅದನ್ನ ತೆಗಿತೀನಿ ತಾತ.’

ಮುದುಕ ಸ್ವಲ್ಪ ಹೊತ್ತು ಯೋಚಿಸಿದ. ‘ದಾರಿ ತಗಿ. ದೀಪ ಇರ್ಲಿ ಬಿಡವ್ವ. ಹೊತ್ತು ಮುಣುಗಿದ ಮ್ಯಾಲೆ ಯಾರಾರ ಹೋದ್ರ ಕಂದೀಲು ಹಿಡ್ಯಾಕ ಒಬ್ಬಾವ ಬೇಕಾಗತಾನ. ನನಗ ಕುಣಿ ಕಾಣಂಗಿಲ್ಲ.’

ಕಂಬ ಎಲ್ಲಿ ನಿಲ್ಲಿಸಿದರೆ ಕುಣಿಯ ಮೇಲೆ ತನ್ನ ನೆರಳು ಬೀಳುವುದಿಲ್ಲ ಅಂತ ಅವನು ಎದ್ದು ನಿಂತು ತೋರಿಸಿದ. ಅವಳು ಅಲ್ಲಿ ಒಂದು ಚುಕ್ಕಿ ಇಟ್ಟಳು.